ದೇವರ ಸಾಲು

ಸುನಂದಮ್ಮನಿಗೆ ಓರಗಿತ್ತಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಬೇಕು, ಅದಕ್ಕೆ ಬೇರೆ ಹೆಸರಿಟ್ಟು ನಯ ಮಾಡುವುದರಲ್ಲಿ ಅರ್ಥವಿಲ್ಲ. ಅವಳು ಮಾತ್ರ ತನಗೆ ತಾನೇ ಬೇರೆ ಹೇಳಿಕೊಳ್ಳುತ್ತಿದ್ದಳು: ನನಗ್ಯಾಕೆ ಕಿಚ್ಚು, ಹುಡುಗಿಗೆ ಕೆಲಸದಲ್ಲಿ ಭಯಭಕ್ತಿ ಸಾಲದು, ಅಷ್ಟೇ. ಹೀಗೆ ಹೇಳಿಕೊಂಡ ದಿನವೆಲ್ಲ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು.

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಮಾವ ನಂಜಯ್ಯನವರದೊಂದು ಪ್ರೆಸ್ಸು. ಮುಂದೆ ಪ್ರೆಸ್ಸು, ಹಿಂದೆ ಮನೆ. ಅವಳ ಗಂಡ ಕನಕರಾಜು ಕಾಲಲ್ಲಿ ತುಳಿಯುವ ಮುದ್ರಣ ಯಂತ್ರ ನೋಡಿಕೊಳ್ಳುತ್ತಿದ್ದ. ಸುನಂದಮ್ಮ ಹದಿನೆಂಟು ವರ್ಷದಿಂದ ಮೊಳೆ ಜೋಡಿಸುತ್ತಿದ್ದಳು. ಎಡಗೈಲಿ ಸಾಲು ಕೂಡಿಸುವ ಸ್ಟಿಕ್ಕು, ಬಲಗೈಲಿ ಸೀಸದ ಅಕ್ಷರ. ಮರದ ಪೆಟ್ಟಿಗೆಯ ಯಾವ ಗೂಡಿನಲ್ಲಿ ಯಾವ ಅಕ್ಷರವಿದೆ ಎಂದು ಕಣ್ಣು ನೋಡಬೇಕಾಗಿರಲಿಲ್ಲ, ಕೈಗೇ ಗೊತ್ತಿತ್ತು. ಓದಿದ್ದು ಏಳನೇ ಕ್ಲಾಸು. ಆದರೂ ಮದುವೆ ಗಂಡುಗಳ ಹೆಸರಿನ ಮುಂದಿನ ಇಂಗ್ಲಿಷ್ ಡಿಗ್ರಿಗಳನ್ನೆಲ್ಲ ಒಂದು ಚುಕ್ಕಿ ತಪ್ಪದೆ ಜೋಡಿಸುತ್ತಿದ್ದಳು. ಅವುಗಳ ಅರ್ಥ ಗೊತ್ತಿರಲಿಲ್ಲ, ಅಕ್ಷರ ಗೊತ್ತಿತ್ತು. ಒಮ್ಮೆ ಕಂಡ ಸಾಲು ಅವಳ ತಲೆಯಲ್ಲಿ ಅಚ್ಚೊತ್ತಿದ ಹಾಗೆ ನಿಲ್ಲುತ್ತಿತ್ತು.

ಆ ಪ್ರೆಸ್ಸಿನಲ್ಲಿ ಒಂದು ರೂಢಿಯಿತ್ತು. ಲಗ್ನಪತ್ರಿಕೆಯ ತುದಿಯಲ್ಲಿ ಮನೆದೇವರ ಹೆಸರು ಬರುತ್ತದಲ್ಲ, ಶ್ರೀ ಇಂಥವರು ಪ್ರಸನ್ನ ಅಂತ, ಆ ಸಾಲನ್ನು ಮಿಕ್ಕ ಯಾರೂ ಮುಟ್ಟುವ ಹಾಗಿರಲಿಲ್ಲ. ದೊಡ್ಡ ಸೊಸೆ ಬೆಳಿಗ್ಗೆ ಸ್ನಾನ ಮಾಡಿ, ಬಾಯಿಗೆ ತೊಟ್ಟು ನೀರು ಹಾಕದೆ, ಕೈ ತೊಳೆದುಕೊಂಡು ಬಂದು ಅದನ್ನು ಜೋಡಿಸಬೇಕು. ಆಮೇಲೆ ಉಳಿದದ್ದು. ಅವಳು ಈ ಮನೆಗೆ ಬಂದ ವರ್ಷ ಕೈಯಿಟ್ಟ ಮೊದಲ ಪತ್ರಿಕೆಯ ಮದುವೆಯಲ್ಲಿ ಗಂಡಿನ ಕಡೆಯವರ ಮುನಿಸು ಮಂಟಪದಲ್ಲೇ ಮುರಿದು ಎಲ್ಲ ಸಸೂತ್ರವಾಯಿತಂತೆ. ಅಲ್ಲಿಂದ ಸುನಂದಮ್ಮನ ಕೈಗುಣ ಎನ್ನುವ ಮಾತು ಹಬ್ಬಿತು. ಹೊಗೆಸೊಪ್ಪು ಹರಾಜಾಗಿ ದುಡ್ಡು ಕೈಗೆ ಬಂದು ಮದುವೆಗಳು ಶುರುವಾದವೆಂದರೆ ಗಾವಡಗೆರೆಯಿಂದ, ಕೆ.ಆರ್. ನಗರದಿಂದೆಲ್ಲ ಜನ ಬಂದು, ದೇವರ ಸಾಲು ಆ ತಾಯಿನೇ ಹಾಕಲಿ ಎಂದು ಹೇಳಿ ಹೋಗುತ್ತಿದ್ದರು. ಅವಳಿಗೆ ಮಕ್ಕಳಾಗಲಿಲ್ಲ, ಚಿನ್ನ ಮಾಡಿಸಲಿಲ್ಲ, ಮೈಸೂರು ದಾಟಿ ಊರು ನೋಡಲಿಲ್ಲ. ಅವಳದು ಅಂತ ಇದ್ದದ್ದು ಆ ಒಂದು ಸಾಲು.

ಎರಡು ಸಾವಿರದ ನಾಲ್ಕರಲ್ಲಿ ಮೈದುನ ಶಿವಶಂಕರನ ಮದುವೆಯಾಯಿತು. ಅವನಿಗೆ ಪಿರಿಯಾಪಟ್ಟಣದಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಹೆಂಡತಿ ಅನು, ಎಚ್.ಡಿ. ಕೋಟೆಯ ಹುಡುಗಿ, ಪಿಯುಸಿ ಮುಗಿಸಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದಳು. ಅವಳು ಬಂದ ಆರೇ ತಿಂಗಳಿಗೆ ನಂಜಯ್ಯನವರು ಒಂದು ಹಳೇ ಕಂಪ್ಯೂಟರ್ ತಂದರು. ಅದು ವೈರಸ್ ಹತ್ತಿ ದಿನಕ್ಕೆ ಮೂರು ಸಲ ಮಕಾಡೆ ಮಲಗುತ್ತಿತ್ತು. ಕಡೆಗೆ ಬಜಾರಿನ ಫೈಸಲ್ ಬಂದ. ಅವನು ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ಮೂವತ್ತರ ಆಸುಪಾಸು, ಮಾತು ಕಡಿಮೆ, ಕೈ ಚುರುಕು. ಲಿನಕ್ಸ್ ಅಂತ ಬೇರೆ ಸಾಫ್ಟ್‌ವೇರ್ ಹಾಕಿಕೊಡ್ತೀನಿ, ವೈರಸ್ ಕಾಟ ಇರಲ್ಲ, ದುಡ್ಡೂ ಕೊಡಬೇಕಾಗಿಲ್ಲ ಎಂದ. ಪುಕ್ಕಟೆ ಎಂದ ಮೇಲೆ ನಂಜಯ್ಯನವರು ಎರಡನೇ ಮಾತಾಡಲಿಲ್ಲ.

ಹಾಕಿದ ದಿನವೇ ಮೌಸು ಕೆಟ್ಟಿತು. ಕೆಟ್ಟಿತು ಅಂದರೆ ಸತ್ತಿರಲಿಲ್ಲ, ಹುಚ್ಚು ಹಿಡಿದಿತ್ತು. ಮುಟ್ಟಿದ ತಕ್ಷಣ ಪರದೆಯ ಮೇಲಿನ ಬಾಣ ಮೂಲೆಗೆ ಹಾರಿ ಅಲ್ಲೇ ಬಡಿದಾಡುತ್ತಿತ್ತು, ತನ್ನಷ್ಟಕ್ಕೆ ಬಾಗಿಲು ಕಿಟಕಿ ತೆರೆದು ಮುಚ್ಚುತ್ತಿತ್ತು. ಅನು ಹೆದರಿ ಕೈ ತೆಗೆದಳು. ಫೈಸಲ್ ನಕ್ಕು, ಇದಕ್ಕೆ ಇರುವುದು ಚಕ್ರವಿಲ್ಲದ ಸಾದಾ ಮೌಸು, ಒಳಗಡೆ ಚಕ್ರದ ಮೌಸು ಅಂತ ಬರೆದುಕೊಂಡಿದೆ, ಅದಕ್ಕೇ ಒಂದಕ್ಕೊಂದು ಲೆಕ್ಕ ಕೂಡುತ್ತಿಲ್ಲ ಎಂದ. ಮೌಸೇ ಇಲ್ಲದ ಮೇಲೆ ಎಲ್ಲವನ್ನೂ ಕೀಲಿಗಳಲ್ಲೇ ಮಾಡಬೇಕಾಯಿತು. ಮೂರು ಗುಂಡಿ ಒಟ್ಟಿಗೆ ಒತ್ತಿ ಪರದೆ ಕಪ್ಪು ಮಾಡಿದ. ಎಲ್ಲರಿಗೂ ನೆನಪಿರಲಿ ಎಂದು ನಂಜಯ್ಯನವರೇ ಕೂಗಿ ಹೇಳಿದ್ದ ಗುಟ್ಟಿನ ಪದವನ್ನು, ಅಂದರೆ ಚಾಮುಂಡಿ ಎಂಬುದನ್ನು, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ. ಒಂದು ಉದ್ದನೆಯ ಸಾಲು ಹೊಡೆದ. ಪುಟ ತೆರೆದುಕೊಂಡಿತು. ಅದರಲ್ಲೊಂದು ಕಡೆ ಚಕ್ರದ ಮೌಸಿನ ಗುರುತಾಗಿ ಐ, ಎಂ, ಪಿ, ಎಸ್, ಒಂದು ಓರೆಗೆರೆ, ಎರಡು ಎಂದಿತ್ತು. ಮೊದಲಿನ ಎರಡು ಅಕ್ಷರ ಅಳಿಸಿದ, ಉಳಿದದ್ದು ಸಾದಾ ಮೌಸಿನ ಗುರುತು. ಉಳಿಸಿ ಹೊರಗೆ ಬಂದ. ಬಾಣ ಹಾಲು ಕುಡಿದ ಕರುವಿನ ಹಾಗೆ ಸಾಧುವಾಯಿತು.

ಅನು ಆಗ ಕಾಫಿ ತರಲು ಒಳಗೆ ಹೋಗಿದ್ದಳು. ಪಕ್ಕದ ಮೊಳೆಪೆಟ್ಟಿಗೆಯ ಮುಂದೆ ನಿಂತು, ನೋಡದವಳ ಹಾಗೆ ನೋಡುತ್ತಿದ್ದವಳು ಸುನಂದಮ್ಮ.

ಅಲ್ಲಿಂದ ಒಂದು ವರ್ಷ ಅವಳು ಹೊಟ್ಟೆ ಉರಿದುಕೊಂಡಳು. ಮೊದಲು ಹ್ಯಾಂಡ್‌ಬಿಲ್ ಕಂಪ್ಯೂಟರಿಗೆ ಹೋಯಿತು, ಆಮೇಲೆ ರಸೀದಿ ಪುಸ್ತಕ, ಆಮೇಲೆ ನಾಮಕರಣದ ಕಾರ್ಡು. ಅನು ಒಂದು ಗಂಟೆಯಲ್ಲಿ ಮಾಡುತ್ತಿದ್ದದ್ದು ಇವಳಿಗೆ ಅರ್ಧ ದಿನ. ಬಂದ ಗಿರಾಕಿಗಳೆಲ್ಲ ಅನುವಿನ ಕುರ್ಚಿಯ ಸುತ್ತ ನಿಂತು ಬಾಯಿ ತೆರೆದು ನೋಡುವರು. ಚಿಕ್ಕ ಸೊಸೆ ಮನೆಗೆ ಲಕ್ಷ್ಮಿ ಬಂದಂಗೆ ಬಂದಳು ಎಂದು ಎದುರು ಮನೆಯ ದೊಡ್ಡತಾಯಮ್ಮ ಹೇಳಿದಾಗ, ಹಾಗಾದರೆ ನಾನೇನು ಹದಿನೆಂಟು ವರ್ಷ ದರಿದ್ರಲಕ್ಷ್ಮಿಯಾಗಿದ್ದೆನೋ ಎಂದು ಸುನಂದಮ್ಮ ಬಚ್ಚಲಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಪರದೆಯ ಮೇಲೆ ಒಮ್ಮೊಮ್ಮೆ ಒತ್ತಕ್ಷರ ಒಡೆದು ಪಕ್ಕಕ್ಕೆ ಜಾರಿ ಕೂರುತ್ತಿತ್ತು. ಅದನ್ನು ಮೊದಲು ಕಾಣುವವಳು ಅವಳೇ. ಕಂಡ ಕೂಡಲೇ ಮನಸ್ಸಿಗೆ ತಂಪಾಗುತ್ತಿತ್ತು. ಆದರೆ ಅನು ಮುಖ ಸಣ್ಣದು ಮಾಡದೆ, ಥ್ಯಾಂಕ್ಸ್ ಅಕ್ಕ ಎಂದು ಸರಿಮಾಡಿಬಿಡುವಳು. ಕೋಪ ಮಾಡಿಕೊಳ್ಳುವವಳಾಗಿದ್ದರೆ ಎಷ್ಟೋ ವಾಸಿಯಿತ್ತು.

ಇಷ್ಟಾದರೂ ದೇವರ ಸಾಲು ಇವಳದೇ ಆಗಿತ್ತು, ಏಕೆಂದರೆ ಲಗ್ನಪತ್ರಿಕೆ ಇನ್ನೂ ಮೊಳೆಯಲ್ಲೇ ಆಗುತ್ತಿತ್ತು. ಆ ಕಟ್ಟೆಯೂ ಒಡೆದದ್ದು ಗಾವಡಗೆರೆಯ ಮುದ್ದಯ್ಯನಿಂದ. ಹಿಂದೆ ಅವನ ಇಬ್ಬರು ಹೆಣ್ಣುಮಕ್ಕಳ ಪತ್ರಿಕೆಗೂ ಸುನಂದಮ್ಮನೇ ದೇವರ ಸಾಲು ಹಾಕಿದ್ದಳು. ಈ ಸಲ ಮಗನ ಮದುವೆ. ಸೋಮವಾರ ಬಂದವನು ಅವಳ ಕಡೆ ತಿರುಗಿಯೂ ನೋಡದೆ, ಗಣಪತಿ ಚಿತ್ರ, ಸುತ್ತ ಬಳ್ಳಿ, ಗಂಡು ಹೆಣ್ಣಿನ ಫೋಟೋ ಎಲ್ಲ ಬರುವ ಕಂಪ್ಯೂಟರ್ ಪತ್ರಿಕೆಯೇ ಬೇಕು ಎಂದ. ನಂಜಯ್ಯನವರು ದೇವರ ಸಾಲಿನ ವಿಷಯ ಎತ್ತಿದರು. ಅದನ್ನೂ ಚಿಕ್ಕವರೇ ಹಾಕಲಿ ಬುಡಿ, ಎಲ್ಲ ಒಂದೇ ಮಿಸನ್ನಲ್ಲವೇ ಎಂದ. ಮಾವ ಹೂಂ ಎಂದುಬಿಟ್ಟರು. ಆ ಹೂಂ ಸುನಂದಮ್ಮನ ಎದೆಗೆ ನಾಟಿತು. ಶನಿವಾರದೊಳಗೆ ಪತ್ರಿಕೆ ಕೈಗೆ ಕೊಡುವುದೆಂದು ಮಾತಾಯಿತು. ಭಾನುವಾರ ಮನೆದೇವರ ಮುಂದೆ ಮೊದಲ ಪತ್ರಿಕೆ ಇಟ್ಟು ಹಂಚಲು ಹೊರಡಬೇಕಿತ್ತು.

ಮಂಗಳವಾರ ಅನು ಅಮ್ಮನಿಗೆ ಹುಷಾರಿಲ್ಲವೆಂದು ಕೋಟೆಗೆ ಹೋದಳು, ಸಂಜೆ ಬಸ್ಸಿಗೆ ಬರುವುದು. ಮಧ್ಯಾಹ್ನ ಊಟವಾಗಿ ಮಾವನೂ ಗಂಡನೂ ಒಳಗೆ ಅಡ್ಡಾದರು. ಪ್ರೆಸ್ಸಿನ ಬಾಗಿಲು ಅರ್ಧ ಎಳೆದಿತ್ತು. ಸುನಂದಮ್ಮ ಕಂಪ್ಯೂಟರ್ ಮುಂದೆ ಕೂತಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ತಾನೇನೂ ಮಾಡುತ್ತಿಲ್ಲ, ಇದ್ದದ್ದನ್ನೇ ಇದ್ದ ಹಾಗೆ ಇಡುತ್ತಿದ್ದೇನೆ ಎಂದುಕೊಂಡಳು. ಮೂರು ಗುಂಡಿ ಒಟ್ಟಿಗೆ. ಚಾಮುಂಡಿ. ಉದ್ದನೆಯ ಸಾಲು. ಒಂದು ವರ್ಷದ ಹಿಂದೆ ಕಂಡ ಅಕ್ಷರಗಳು ಒಂದೂ ತಪ್ಪದೆ ಬೆರಳಿಗೆ ಬಂದವು. ಫೈಸಲ್ ಅಳಿಸಿದ್ದ ಐ ಮತ್ತು ಎಂ ಎರಡನ್ನೂ ಮತ್ತೆ ಜೋಡಿಸಿದಳು. ಉಳಿಸಿದಳು. ಕಂಪ್ಯೂಟರ್ ಆರಿಸಿದಳು. ಎದ್ದು ಹೋಗಿ ಅಕ್ಕಿ ಆರಿಸುತ್ತಾ ಕೂತಳು. ಸುಖವಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಅನು ಸ್ನಾನ ಮಾಡಿ ಬಂದು ದೇವರ ಸಾಲಿಗೆಂದು ಕೂತಳು. ಬಾಣ ಮೂಲೆಗೆ ಹಾರಿತು. ಎಳೆದರೆ ಮತ್ತೆ ಹಾರಿತು. ತಂತಿ ಕಿತ್ತು ಚುಚ್ಚಿದಳು, ಮೌಸಿನ ಹೊಟ್ಟೆ ಬಿಚ್ಚಿ ಗುಂಡು ಒರೆಸಿದಳು, ಎದುರಿನ ಎಸ್‌ಟಿಡಿ ಬೂತಿನವರ ಮೌಸು ಕೇಳಿ ತಂದು ಹಾಕಿದಳು. ಅದೂ ಸಾದಾ ಮೌಸೇ, ಅದಕ್ಕೂ ಅದೇ ಹುಚ್ಚು. ಫೈಸಲ್ ತಂಗಿಯ ಮದುವೆಗೆಂದು ಮಾನಂದವಾಡಿಗೆ ಹೋಗಿದ್ದ, ಮೊಬೈಲ್ ಸಿಗಲಿಲ್ಲ, ಬರುವುದು ಸೋಮವಾರವಂತೆ. ಯಾರಾದರೂ ಮುಟ್ಟಿದ್ರಾ ಎಂದು ನಂಜಯ್ಯನವರು ಸುಮ್ಮನೆ ಕೇಳಿದ್ದಕ್ಕೆ, ನಾನ್ಯಾಕೆ ಮುಟ್ಟಲಿ ಎಂದು ಸುನಂದಮ್ಮ ಅಡುಗೆಮನೆಯಿಂದಲೇ ಕೂಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪುಣ್ಯಕ್ಕೆ ಯಾರೂ ಆ ಕಡೆ ಗಮನ ಕೊಡಲಿಲ್ಲ.

ಅಂದು ಸಂಜೆ ಕಪ್ಪು ಪರದೆಯ ಮುಂದೆ ಏನೇನೋ ಒತ್ತಿ ನೋಡುತ್ತಾ ಕೂತಿದ್ದ ಅನು ತಟ್ಟನೆ ಎದ್ದು ಹೋಗಿ ಬಟ್ಟೆ ಮಡಿಸತೊಡಗಿದಳು. ಸೋತಳು, ಎಂದುಕೊಂಡಳು ಸುನಂದಮ್ಮ. ಆ ರಾತ್ರಿ ಸಾರಿಗೆ ಉಪ್ಪು ಹದವಾಗಿತ್ತು.

ಗುರುವಾರ ಮುದ್ದಯ್ಯ ಪ್ರೂಫು ನೋಡಲು ಬಂದ. ವಿಷಯ ಕೇಳಿ ಹಣೆ ಚಚ್ಚಿಕೊಂಡ. ಸುನಂದಮ್ಮ ಇದಕ್ಕೇ ಕಾದಿದ್ದವಳು, ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಮೊಳೆಯಲ್ಲೇ ಜೋಡಿಸ್ತೀನಿ, ನಾಳೆ ಸಂಜೆಗೆ ಕೊಡ್ತೀನಿ ಎಂದಳು. ಎಲ್ಲರೂ ಉಸ್ಸಪ್ಪ ಎನ್ನುತ್ತಾರೆ ಎಂದುಕೊಂಡಿದ್ದಳು. ಮುದ್ದಯ್ಯ ಅವಳ ಮುಖ ನೋಡಲಾರದೆ ನೆಲ ನೋಡಿದ.

"ತಪ್ಪು ತಿಳ್ಕಬ್ಯಾಡಿ ಕಣವ್ವ. ಮೊಳೆ ಕಾರ್ಡ್ ಅಂಚುದ್ರೆ ಬೀಗ್ರು ನಗ್ತರೆ. ಆಗ್ದೇ ಓದ್ರೆ ಪಿರಿಯಾಪಟ್ಣದಲ್ಲಿ ಮಾಡುಸ್ಕತ್ತೀನಿ."

ಅವನು ಶನಿವಾರದವರೆಗೆ ನೋಡುವುದಾಗಿ ಹೇಳಿ ಹೋದ. ಆಮೇಲೆ ನಂಜಯ್ಯನವರು ಹೇಳಿದ್ದನ್ನು ಯಾರಿಗೂ ಹೇಳದೆ ಗೋಡೆಗೆ ಹೇಳಿದರು: ಒಬ್ಬ ಹೋದರೆ ಹಿಂದೆ ಹತ್ತು ಜನ ಹೋಗುತ್ತಾರೆ. ಕಂಪ್ಯೂಟರ್ ಕೆಟ್ಟಿದೆ, ಹೊಸದು ತರಲೇಬೇಕು. ಮೈಸೂರಿನ ಸೀಸದ ವ್ಯಾಪಾರಿ ನಾಳೆ ಬೆಳಿಗ್ಗೆ ಬರುತ್ತಾನೆ. ಮೊಳೆಯನ್ನೆಲ್ಲ ತೂಕಕ್ಕೆ ಹಾಕಿಬಿಡೋಣ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗಾಯಿತು. ವ್ಯತ್ಯಾಸ ಇಷ್ಟೇ, ಎತ್ತಿಗೆ ಜ್ವರ ಬರಿಸಿದವಳೂ ಅವಳೇ, ಎಮ್ಮೆಯೂ ಅವಳದೇ. ಸುನಂದಮ್ಮ ಅಂದು ಉಣ್ಣಲಿಲ್ಲ. ಗಂಡನ ಹತ್ತಿರ, ಮಾವನಿಗೆ ಒಂದು ಮಾತು ಹೇಳಿ ಎಂದಳು. ಹೇಳಿ ಏನು ಮಾಡಲಿ, ಮೊಳೆ ಕೆಲಸ ಇನ್ನೆಷ್ಟು ದಿನ ಬರುತ್ತದೆ ಎಂದು ಅವನು ಮಗ್ಗುಲು ಬದಲಾಯಿಸಿದ. ಅನುವಿನ ಮೇಲಿದ್ದ ಸಿಟ್ಟು ಅಷ್ಟೂ ತಿರುಗಿ ತನ್ನ ಮೇಲೇ ಬಿತ್ತು. ಆದರೂ ಅದರೊಳಗೆ ಅನುವಿಗೆ ಅಂತ ಒಂದು ಪಾಲು ಉಳಿದೇ ಇತ್ತು: ಇವಳು ಬರದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಶುಕ್ರವಾರ ಒಂಬತ್ತಕ್ಕೆ ವ್ಯಾನು ಬಂದು ನಿಂತಿತು. ವ್ಯಾಪಾರಿ ತಕ್ಕಡಿ ತೂಗುಹಾಕಿ ಗೋಣಿಚೀಲ ಬಿಚ್ಚಿದ. ಕನಕರಾಜು ಮೊದಲ ಪೆಟ್ಟಿಗೆ ಎಳೆದ. ಅದು ದಪ್ಪಕ್ಷರದ ಪೆಟ್ಟಿಗೆ, ದೇವರ ಸಾಲಿನದು. ಒಳಗೆ ಮೊಳೆಗಳು ಜಲಜಲ ಎಂದದ್ದು ಅಡುಗೆಮನೆಗೆ ಕೇಳಿತು. ಒಗ್ಗರಣೆ ಒಲೆಯ ಮೇಲೇ ಬಿಟ್ಟು ಸುನಂದಮ್ಮ ಓಡಿ ಬಂದಳು.

"ಒಂದ್ ಗಳಿಗೆ ತಡೀರಿ ಮಾವ. ನಾನೊಂದ್ಸಲ ನೋಡ್ತೀನಿ."

ಏನನ್ನು ನೋಡುತ್ತೀಯೆ ಎಂದು ಗಂಡ ಕೇಳುವಷ್ಟರಲ್ಲಿ ಅವಳು ಅನುವಿನ ಕುರ್ಚಿಯಲ್ಲಿ ಕೂತಾಗಿತ್ತು. ಮೌಸಿನ ಕಡೆ ನೋಡಲೂ ಇಲ್ಲ. ಪರದೆ ಕಪ್ಪಾಯಿತು. ಅಕ್ಷರಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಪುಟ ತೆರೆದುಕೊಂಡಿತು, ಬಾಣದ ಗುರುತಿನ ಕೀಲಿ ಒತ್ತುತ್ತಾ ಕೆಳಗಿಳಿದು ಆ ಸಾಲಿಗೆ ಬಂದು, ಎರಡು ಅಕ್ಷರ ಅಳಿಸಿದಳು. ಉಳಿಸಿದಳು. ಆರಿಸಿ ಹಚ್ಚಿದಳು. ಪರದೆ ಬೆಳಗಿತು. ಮೌಸಿನ ಮೇಲೆ ಕೈಯಿಟ್ಟು ಮೆಲ್ಲಗೆ ತಳ್ಳಿದಳು. ಬಾಣ ಅಷ್ಟೇ ಮೆಲ್ಲಗೆ ಸರಿದು ನಡುವೆ ಬಂದು ನಿಂತಿತು.

ಹೇಗೆ ಗೊತ್ತಾಯಿತು ಎಂದು ನಂಜಯ್ಯನವರು ಕೇಳಿದರು. ಫೈಸಲ್ ಮಾಡಿದ್ದು ನೋಡಿದ್ದೆ ಎಂದಳು. ಅದು ಸುಳ್ಳಲ್ಲ. ನಂಜಯ್ಯನವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು.

"ಈ ಪೆಟ್ಗೆಗಳ್ನ ಇಷ್ಟ್ ದಿನ ಯಾಕ್ ಇಟ್ಕಂಡಿದ್ದೆ ಗೊತ್ತೇನವ್ವ? ನಿನ್ ಸಲ್ವಾಗಿ ಕಣವ್ವ. ಮೊಳೆ ಓದ್ರೆ ದೊಡ್ ಸೊಸೆ ಎಲ್ಲಿ ಕೂರ್ಬೇಕು, ಅವ್ಳ ಕೈ ಬರಿದಾಯ್ತದೆ ಅಂತ. ಈ ಯಪ್ಪ ವರ್ಸದಿಂದ ಕೇಳ್ತಾನೇ ಅವ್ರೆ, ನಾನೇ ಕೊಟ್ಟಿರ್ಲಿಲ್ಲ. ನೆನ್ನೆ ನಿನ್ ಮುಖ ನೋಡ್ಕಂಡು ಏಳಕ್ಕೂ ಆಗ್ಲಿಲ್ಲ. ಇನ್ ಆ ಯೋಚ್ನೆ ಬುಡ್ತು. ನಿಂಗೂ ಇದು ಬತ್ತದೆ."

ಆಮೇಲೆ ವ್ಯಾಪಾರಿಯ ಕಡೆ ತಿರುಗಿ, ಎಲ್ಲ ಎತ್ಕಳಿ ಎಂದರು. ಬಂದ ದುಡ್ಡಿಗೆ ಇನ್ನೊಂದು ಕಂಪ್ಯೂಟರ್, ಸೊಸೆಯರಿಬ್ಬರಿಗೂ ಒಂದೊಂದು. ಇಂದಿನಿಂದ ದೇವರ ಸಾಲು ಮೊದಲಿನ ಹಾಗೆ ದೊಡ್ಡ ಸೊಸೆಯದೇ, ಮುದ್ದಯ್ಯನಿಗೆ ನಾನೇ ಹೇಳುತ್ತೇನೆ ಎಂದರು.

ನನಗೆ ಇದು ಬರುವುದಿಲ್ಲ ಮಾವ, ಬರುವುದು ಎರಡೇ ಅಕ್ಷರ, ಹಾಕುವುದು ಮತ್ತು ತೆಗೆಯುವುದು, ಎಂದು ಸುನಂದಮ್ಮ ಹೇಳಬೇಕಿತ್ತು. ತೆಗೆಯುವುದು ಕಲಿತದ್ದು ಹೇಗೆಂದು ಹೇಳಿಯಾಗಿತ್ತು. ಹಾಕಿದ್ದು ಯಾರೆಂದು ಹೇಳುವುದು ಹೇಗೆ? ಪೆಟ್ಟಿಗೆಗಳು ಒಂದೊಂದಾಗಿ ಅವಳ ಮುಂದೆಯೇ ಗೋಣಿಚೀಲಕ್ಕೆ ಬಗ್ಗಿದವು. ಅಕಾರದಿಂದ ಳಕಾರದವರೆಗೆ ಹದಿನೆಂಟು ವರ್ಷ ಬೇರೆಬೇರೆ ಗೂಡಿನಲ್ಲಿಟ್ಟು ಕಾಪಾಡಿದ್ದ ಅಕ್ಷರವೆಲ್ಲ ಒಂದೇ ರಾಶಿಯಾಯಿತು. ಒಲೆಯ ಮೇಲೆ ಒಗ್ಗರಣೆ ಸೀದ ವಾಸನೆ ಬಂದರೂ ಯಾರೂ ಒಳಗೆ ಹೋಗಲಿಲ್ಲ.

ಕಂಪ್ಯೂಟರ್ ತರಲೆಂದು ಕನಕರಾಜು ವ್ಯಾಪಾರಿಯ ಜೊತೆ ಅದೇ ವ್ಯಾನಿನಲ್ಲಿ ಮೈಸೂರಿಗೆ ಹೊರಟ, ಮಾವ ಮುದ್ದಯ್ಯನಿಗೆ ಹೇಳಿ ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದರು. ಪ್ರೆಸ್ಸಿನಲ್ಲಿ ಉಳಿದವರು ಓರಗಿತ್ತಿಯರಿಬ್ಬರೇ. ಅನು ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದಳು.

"ಅಕ್ಕ, ಒಂದು ಫೈಲ್ನ ಕಡೇ ಸಲ ಯಾವಾಗ ತಿದ್ದಿದ್ರು ಅಂತ ಕಂಪ್ಯೂಟ್ರು ಬರ್ಕೊಂಡಿರ್ತದೆ," ಎಂದಳು. "ಮಂಗ್ಳವಾರ, ಮಧ್ಯಾನ ಎರಡು ಗಂಟೆ ಐದು ನಿಮಿಷ."

ಆ ಹೊತ್ತಿನಲ್ಲಿ ಅನು ಕೋಟೆಯಲ್ಲಿದ್ದಳು, ಗಂಡಸರು ನಿದ್ದೆಯಲ್ಲಿದ್ದರು. ಯಾವಾಗ ನೋಡಿದೆ ಎಂದು ಸುನಂದಮ್ಮ ಕೇಳಿದಳು. ಬುಧವಾರವೇ, ಏನು ಬದಲಾಗಿದೆ ಅಂತ ಮಾತ್ರ ತಿಳಿಯಲಿಲ್ಲ, ಮುಟ್ಟಲು ಧೈರ್ಯ ಬರಲಿಲ್ಲ ಎಂದಳು ಅನು.

"ಮತ್ತ್ಯಾಕೆ ಮಾವಂಗೆ ಏಳ್ಲಿಲ್ಲ?"

ಅನು ಉಗುರು ಕೀಳುತ್ತಾ ಹೇಳಿದಳು.

"ಹೇಳಿದ್ರೆ ಒಂದಿನ ಬೈತಿದ್ರು. ಮಾರ್ನೇ ದಿನ ನಿಮ್ಮನ್ನೇ ಈ ಕುರ್ಚಿ ಮೇಲೆ ಕೂರಿಸ್ತಿದ್ರು. ನಾನು ಆರು ತಿಂಗ್ಳು ಕೋರ್ಸ್ ಮಾಡಿ ಮುಟ್ಟಕ್ಕೆ ಹೆದ್ರೋದ್ನ ನೀವು ನಿಂತ್ಕೊಂಡು ನೋಡೇ ಕಲ್ತ್ಬುಟ್ಟಿದ್ದೀರಿ. ನಂಗೆ ಹೊಟ್ಟೆ ಉರೀತು ಅಕ್ಕ. ಪೆಟ್ಟಿಗೆ ಹೋದ್ರೆ ಹೋಗ್ಲಿ ಅಂತ ಸುಮ್ನಿದ್ದೆ."

ಇಷ್ಟು ಹೇಳಿ ಅವಳು ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಕೇಳುವ ಹಕ್ಕು ಯಾರಿಗಿತ್ತು, ಕೊಡುವ ಹಕ್ಕು ಯಾರಿಗಿತ್ತು? ಒಂದು ವರ್ಷ ಒಂದೇ ಒಲೆಯ ಮುಂದೆ ಬೇಯಿಸುತ್ತಾ ಇಬ್ಬರೂ ಬೆಂದಿದ್ದರು, ಒಬ್ಬಳದು ಇನ್ನೊಬ್ಬಳಿಗೆ ಗೊತ್ತೇ ಇರಲಿಲ್ಲ.

ಮಾವ ವಾಪಸು ಬಂದು ಜಗಲಿಯಿಂದಲೇ, ಶನಿವಾರಕ್ಕೆ ಕೊಡ್ತೀವಿ ಅಂತ ಹೇಳಿಕಳಿಸಿದ್ದೇನೆ, ಈಗಲೇ ದೇವರ ಸಾಲು ಹಾಕಿ ಶುರುಮಾಡಿ ಎಂದರು. ದೊಡ್ಡ ಸೊಸೆ ಹಾಕಲಿ ಎಂದು ಇನ್ನೊಮ್ಮೆ ಹೇಳಿದರು. ಸುನಂದಮ್ಮ ಬೆಳಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲ, ಆ ಮಟ್ಟಿಗೆ ರೂಢಿ ತಪ್ಪಿರಲಿಲ್ಲ. ಎದ್ದು ಹೋಗಿ ಕೈ ತೊಳೆದು ಬಂದು ಕೂತಳು. ಶ್ರೀ ಎಂದುಕೊಂಡ ಕೂಡಲೇ ಬಲಗೈ ತಾನಾಗಿ ಬಲಕ್ಕೆ ಚಾಚಿತು. ಅಲ್ಲಿ ಪೆಟ್ಟಿಗೆಯಿದ್ದ ಜಾಗದಲ್ಲಿ ಗೋಡೆಯ ಮೇಲೆ ಅದರ ಅಳತೆಯ ಬಿಳಿ ಗುರುತು ಮಾತ್ರ ಇತ್ತು. ಕೈಯನ್ನು ಹಿಂದಕ್ಕೆ ತಂದು ಕೀಲಿಗಳ ಮೇಲೆ ಇಟ್ಟಳು. ಎಲ್ಲ ಇಂಗ್ಲಿಷ್ ಅಕ್ಷರ. ಅವುಗಳಲ್ಲಿ ಯಾವುದರ ಹೊಟ್ಟೆಯಲ್ಲಿ ಶ್ರೀ ಅಡಗಿದೆಯೋ ಅವಳಿಗೆ ಗೊತ್ತಿರಲಿಲ್ಲ.

ಅನು ಬೆನ್ನ ಹಿಂದೆಯೇ ನಿಂತಿದ್ದಳು. ಕೈ ಚಾಚಿದರೆ ತೋರಿಸುವಷ್ಟು ಹತ್ತಿರ.

"ಶ್ರೀ ಎಲ್ಲದೆ?" ಎಂದು ಸುನಂದಮ್ಮ ತಿರುಗದೆ ಕೇಳಿದಳು.

ಅನು ಹೇಳಲಿಲ್ಲ. ಜಗಲಿಯಿಂದ ಮಾವ, ಆಯ್ತೇನವ್ವ ಎಂದು ಕೇಳಿದರು. ಆಗಲೂ ಹೇಳಲಿಲ್ಲ. ಸುನಂದಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತೊಳೆದ ಕೈ ಆರುವವರೆಗೆ ಹಾಗೇ ಕೂತಿದ್ದಳು. ಆ ಹುಡುಗಿಯ ಜಾಗದಲ್ಲಿ ತಾನು ನಿಂತಿದ್ದರೂ ಹೇಳುತ್ತಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.